ಜಗಲಿ ಮಾತು: ಅಮ್ಮನ ಬಳೆ, ದೇಶದ ಬಂಗಾರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಯುದ್ಧ ಮತ್ತು ದುಡ್ಡಿನ ಬಗ್ಗೆಯೇ ಇವೆ. ನಾನು ಓದಿದ್ದು ಬಿ.ಕಾಂ. ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು, ಹೆಚ್ಚು ಕಾಲ ಕುಂದಾಪುರದ ಕಡೆಯೇ. ಕಂಡದ್ದನ್ನು, ತಿಳಿದದ್ದನ್ನು ಬರೆಯುತ್ತೇನೆ.

ಪ್ರಶ್ನೆ: 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಕೆಲವೇ ದಿನಕ್ಕೆ ನಮ್ಮ ಎಣ್ಣೆ ಡಬ್ಬಿಯ ರೇಟು ಏರಿತು. ಅಂಗಡಿಯಲ್ಲಿದ್ದದ್ದು ಹಳೇ ಸ್ಟಾಕೇ ಅಲ್ವಾ? ಅದನ್ನು ಹೊಸ ರೇಟಿಗೆ ಮಾರಿದ್ದು ಮೋಸ ಅಲ್ವಾ?
– ಖಾನಾವಳಿ ನಡೆಸುವವರು, ಗದಗ

ಡಬ್ಬಿ ಹಳೆಯದೇ. ಆದರೆ ಅಂಗಡಿಯವರು ಅದನ್ನು ಮಾರಿದ ದುಡ್ಡಿನಲ್ಲೇ ಮುಂದಿನ ಡಬ್ಬಿ ತರಬೇಕು. ಅದರ ರೇಟು ಆಗಲೇ ಏರಿತ್ತು. ನಮ್ಮ ದೇಶಕ್ಕೆ ಹೊರಗಿನಿಂದ ಬರುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್ ಮತ್ತು ರಷ್ಯಾದ್ದೇ ಆಗಿತ್ತು. ಫೆಬ್ರವರಿ 24ಕ್ಕೆ ಯುದ್ಧ ಶುರುವಾಯಿತು, ಉಕ್ರೇನ್‌ನ ಬಂದರುಗಳು ಮುಚ್ಚಿದವು. ಹಡಗೇ ಹೊರಡಲಿಲ್ಲ. ಸೂರ್ಯಕಾಂತಿ ಸಿಗದವರೆಲ್ಲ ತಾಳೆ ಎಣ್ಣೆಗೆ ಮುಗಿಬಿದ್ದರು. ಏಪ್ರಿಲ್ 28ರಿಂದ ಇಂಡೋನೇಷ್ಯಾ ಅದನ್ನೂ ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಸುಮಾರು ಮೂರೂವರೆ ವಾರ ಅಷ್ಟೇ. ಆದರೆ ಆ ಹೊತ್ತಿಗೆ ಖಾನಾವಳಿ ನಡೆಸುವವರ ಉಸಿರು ಕಟ್ಟಿತ್ತು.

ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇಲ್ಲ ಎಂದು ಹೇಳುತ್ತಿಲ್ಲ. ರೇಟು ಏರುವಾಗ ಎರಡೆರಡು ಮೆಟ್ಟಿಲು ಹಾರುತ್ತದೆ, ಇಳಿಯುವಾಗ ಒಂದೊಂದೇ ಮೆಟ್ಟಿಲು. ನನಗೆ ಬೇಜಾರಾಗುವ ಸಂಗತಿ ಇನ್ನೊಂದು ಇದೆ. ನಿಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಒಂದು ಕಾಲಕ್ಕೆ ಎಷ್ಟು ಸೂರ್ಯಕಾಂತಿ ಇತ್ತು! ಹೊರಗಿನ ಎಣ್ಣೆ ಅಗ್ಗವಾಗಿ ಬರಲು ಶುರುವಾದ ಮೇಲೆ ರೈತರು ಅದನ್ನು ಬಿಡುತ್ತಾ ಬಂದರು. ಆ ಹೊಲಗಳು ಹಾಗೇ ಇದ್ದಿದ್ದರೆ ಕಪ್ಪು ಸಮುದ್ರದ ಬಂದರು ಮುಚ್ಚಿದ್ದಕ್ಕೆ ಗದಗದ ಒಲೆ ಇಷ್ಟು ಬೆದರಬೇಕಿರಲಿಲ್ಲ.

ಪ್ರಶ್ನೆ: ಅಕ್ಕಾ, ನನ್ನ ಮಗ ದೋಹಾದಲ್ಲಿ ಎಸಿ ಮೆಕ್ಯಾನಿಕ್. 2025ರ ಜೂನ್ 23ರ ರಾತ್ರಿ ಅಲ್ಲಿನ ಅಮೆರಿಕದ ಸೇನಾ ನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಾಗ ಅವನೇ ಆಕಾಶದ ವಿಡಿಯೊ ಕಳಿಸಿದ. ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ವಾಪಸ್ ಬಾ ಎಂದರೆ "ಮನೆ ಸಾಲದ ಕಂತು ಯಾರು ಕಟ್ಟೋದು?" ಎನ್ನುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ಬೈಂದೂರು

ನಿಮ್ಮ ಪತ್ರವನ್ನು ಮೂರು ಸಲ ಓದಿದೆ ತಂಗಿ. ಕರೆಸಿಕೊಳ್ಳಿ ಎನ್ನಲೂ ನನ್ನಿಂದಾಗದು, ಅಲ್ಲೇ ಇರಲಿ ಎನ್ನಲೂ ಆಗದು. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ನನ್ನ ಅಣ್ಣ ಕುವೈತಿನಲ್ಲಿ ಒಂದು ಕಂಪನಿಯ ಸ್ಟೋರ್‌ಕೀಪರ್ ಆಗಿದ್ದ. ಆಗ ಉಡುಪಿ ಜಿಲ್ಲೆ ಇರಲಿಲ್ಲ, ನಾವೆಲ್ಲ ಅವಿಭಜಿತ ದಕ್ಷಿಣ ಕನ್ನಡದವರು. ಒಂದು ಕುವೈತಿ ದಿನಾರ್ ಎಂದರೆ ಸುಮಾರು 60 ರೂಪಾಯಿ. ಪ್ರತಿ ತಿಂಗಳೂ ಅವನ ಡಿ.ಡಿ. ಬರುತ್ತಿತ್ತು. ನಾನೇ ಕೌಂಟರಿನಲ್ಲಿ ಕೂತು ಅಮ್ಮನ ಪಾಸ್‌ಬುಕ್ಕಿಗೆ ಬರೆಯುತ್ತಿದ್ದೆ. ಆ ದುಡ್ಡಿನಲ್ಲಿ ಊರಲ್ಲಿ ಮನೆ ಏಳುತ್ತಿತ್ತು. ಕೆಂಪುಕಲ್ಲಿನ ಗೋಡೆ ಲಿಂಟಲ್‌ವರೆಗೆ ಬಂದಿತ್ತು.

1990ರ ಆಗಸ್ಟ್ 2, ಗುರುವಾರ. ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಜುಲೈ ತಿಂಗಳ ಸಂಬಳ ಅಣ್ಣನ ಕೈಗೆ ಇನ್ನೂ ಬಂದಿರಲಿಲ್ಲ. ಫೋನಿಲ್ಲ, ಕಾಗದವಿಲ್ಲ. ನಮ್ಮ ಬ್ರಾಂಚಿಗೆ ದಿನವೂ ಹೆಂಗಸರು ಬರುತ್ತಿದ್ದರು. "ಡಿ.ಡಿ. ಬಂತಾ?" ಎಂದು ಕೇಳುತ್ತಿದ್ದರು. ಅವರಿಗೆ ಬೇಕಿದ್ದದ್ದು ದುಡ್ಡಲ್ಲ. ಡಿ.ಡಿ. ಬಂದರೆ ಮನುಷ್ಯ ಬದುಕಿದ್ದಾನೆ ಎಂದು ಲೆಕ್ಕ. ಅದೇ ಪ್ರಶ್ನೆಯನ್ನು ನನ್ನ ಅಮ್ಮ ಮನೆಯಲ್ಲಿ ಕೇಳುತ್ತಿದ್ದರು.

ಆಗಸ್ಟ್ ಕೊನೆಯಲ್ಲಿ ಅಮ್ಮ ಬಳೆ ತೆಗೆದರು. ನಾಲ್ಕು ಬಳೆ. ಮದುವೆಯಾದಾಗಿನಿಂದ ಕೈಯಲ್ಲೇ ಇದ್ದವು, ಸುಲಭಕ್ಕೆ ಬರಲಿಲ್ಲ. ಸೋಪು ಹಚ್ಚಿಕೊಂಡು ಬಾವಿಕಟ್ಟೆಯಲ್ಲಿ ಕೂತು ಒಂದೊಂದಾಗಿ ಜಾರಿಸಿದರು. ಸೊಸೈಟಿಯಲ್ಲಿ ಸರಾಫರು ಅವನ್ನು ಒರೆಗಲ್ಲಿಗೆ ಉಜ್ಜುವಾಗ ಅಮ್ಮ ಬೇರೆ ಕಡೆ ನೋಡುತ್ತಿದ್ದರು. ಸಿಮೆಂಟಿನ ಸಾಲ ತೀರಿತು. ಗೋಡೆ ಮಾತ್ರ ಆ ಮಳೆಗಾಲವೆಲ್ಲ ಹಾಗೇ ನೆನೆಯಿತು.

ಅಣ್ಣ ಹೊರಟದ್ದು ರಸ್ತೆಯಲ್ಲಿ. ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ ದಾಟಿ ರುವೈಶಿದ್. ಮರುಭೂಮಿಯಲ್ಲಿ ಡೇರೆ. ಆಮೇಲೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ. ಆಗ ಕುವೈತಿನಲ್ಲಿ ನಮ್ಮವರು ಸುಮಾರು 1 ಲಕ್ಷ 70 ಸಾವಿರ ಜನ ಇದ್ದರು. ಅವರನ್ನು ಕರೆತರಲು ಎರಡು ತಿಂಗಳಲ್ಲಿ 488 ವಿಮಾನ ಹಾರಿದವು. ಬೊಂಬಾಯಿಯಿಂದ ಅವನು ಬಸ್ಸಿನಲ್ಲಿ ಬಂದ, ಕೊಂಕಣ ರೈಲು ಆಗ ಎಲ್ಲಿತ್ತು? ಅಂಗಿಯ ಕಾಲರಿನೊಳಗೆ ದಿನಾರ್ ನೋಟು ಹೊಲಿದುಕೊಂಡಿದ್ದ. ಅಮ್ಮಾನಿನ ಅಂಗಡಿಯವನು ಅದನ್ನು ಕೈಯಲ್ಲಿ ಮುಟ್ಟಲೂ ಇಲ್ಲವಂತೆ. ಹನ್ನೊಂದು ವರ್ಷದ ದುಡಿಮೆಯ ಕೊನೆಯ ಗಂಟು, ಒಂದು ತಿಂಗಳಲ್ಲಿ ಬರೀ ಕಾಗದ.

ಇದನ್ನು ನಿಮ್ಮನ್ನು ಹೆದರಿಸಲು ಹೇಳಲಿಲ್ಲ. ಮುಂದಿನ ಭಾಗ ನಿಮಗೆ ಬೇಕಾದದ್ದು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಜಿನೀವಾದಲ್ಲಿ ಒಂದು ಪರಿಹಾರ ಆಯೋಗ ಮಾಡಿತು. ಇರಾಕಿನ ಎಣ್ಣೆ ಮಾರಿದ ದುಡ್ಡಿನಲ್ಲಿ ಒಂದು ಪಾಲು ತೆಗೆದು ನಷ್ಟವಾದವರಿಗೆ ಕೊಡುವುದು. ದೊಡ್ಡ ಕಂಪನಿ, ಸರ್ಕಾರಗಳಿಗಿಂತ ಮುಂಚೆ ನಮ್ಮಂಥ ಸಾಮಾನ್ಯರ ಅರ್ಜಿ ನೋಡಿದರು. ಅದೊಂದು ಒಳ್ಳೆಯ ಕೆಲಸ ಎಂದು ಇವತ್ತಿಗೂ ಅನ್ನಿಸುತ್ತದೆ. ದೇಶ ಬಿಟ್ಟು ಓಡಿದ ಒಬ್ಬೊಬ್ಬರಿಗೆ 2,500 ಡಾಲರ್. ಬೇರೆ ಯಾವ ನಷ್ಟವನ್ನೂ ಕೇಳುವುದಿಲ್ಲ ಎಂದು ಒಪ್ಪಿದರೆ 4,000. ಸಂಬಳ ಬಾಕಿ, ಸಾಮಾನು, ಬ್ಯಾಂಕಿನ ದುಡ್ಡು ಎಂದು ಜಾಸ್ತಿ ಕೇಳಬೇಕಾದರೆ ಕಾಗದ ತೋರಿಸಬೇಕು. ಅಣ್ಣನ ಹತ್ತಿರ ಕಾಗದ ಇರಲಿಲ್ಲ. ಎಲ್ಲವೂ ಆಫೀಸಿನ ಬೀರುವಿನಲ್ಲೇ ಉಳಿದಿತ್ತು. 4,000ಕ್ಕೆ ಸಹಿ ಹಾಕಿದ. ಏಳು ವರ್ಷದ ಮೇಲೆ ದುಡ್ಡು ಬರಲು ಶುರುವಾಯಿತು, ಅದೂ ಎರಡು ಕಂತಿನಲ್ಲಿ. ಅವನ ಜೊತೆ ಕೋಣೆಯಲ್ಲಿದ್ದ ಇನ್ನೊಬ್ಬರು ಸಂಬಳದ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದರು. ಅವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಕ್ಕಿತು.

ಹಾಗಾಗಿ ನಿಮ್ಮ ಮಾಣಿಗೆ ಇವತ್ತೇ ಫೋನ್ ಮಾಡಿ. ಕೆಲಸದ ಕರಾರು, ಸಂಬಳದ ಚೀಟಿ, ಪಾಸ್‌ಪೋರ್ಟ್, ಅಲ್ಲಿನ ಗುರುತಿನ ಚೀಟಿ, ಎಲ್ಲದರ ಫೋಟೊ ತೆಗೆದು ನಿಮಗೆ ಕಳಿಸಲಿ. ನೀವು ಪ್ರಿಂಟ್ ಹಾಕಿಸಿ ಊರಲ್ಲಿ ಇಟ್ಟುಕೊಳ್ಳಿ. ರಾಯಭಾರ ಕಚೇರಿಯಲ್ಲಿ ಹೆಸರು, ನಂಬರು ಬರೆಸಲಿ. ಸಂಬಳ ಎಷ್ಟು ತಿಂಗಳದ್ದು ಬಾಕಿ ಇದೆ ಎಂದು ಕೇಳಿ. ಎರಡು ತಿಂಗಳಿಗಿಂತ ಜಾಸ್ತಿ ಇದ್ದರೆ ಅವನು ಬೇರೆ ಕೆಲಸ ನೋಡುವುದು ಒಳ್ಳೆಯದು, ಯುದ್ಧ ಇರಲಿ ಬಿಡಲಿ. ಅಲ್ಲಿ ದುಡ್ಡು ಇಟ್ಟುಕೊಳ್ಳದೆ ಊರಿನ ಖಾತೆಗೆ ಹಾಕಲಿ. ಆರು ತಿಂಗಳ ಕಂತಿನಷ್ಟು ಬ್ಯಾಂಕಿನಲ್ಲಿ ಸೇರುವವರೆಗೆ ಹೊಸ ಸಾಲ ಬೇಡ. ಟೈಲ್ಸ್, ಕಾಂಪೌಂಡು ಮುಂದಿನ ವರ್ಷ ನೋಡಿಕೊಂಡರಾಯಿತು. ಆ ಆರು ತಿಂಗಳ ದುಡ್ಡು ಕೂಡಿತು ಎಂದರೆ, ಬರುವುದೋ ಇರುವುದೋ ಎಂದು ಅವನೇ ಧೈರ್ಯವಾಗಿ ಯೋಚಿಸಬಹುದು. ಈಗ ಅವನನ್ನು ಅಲ್ಲಿ ಕಟ್ಟಿಹಾಕಿರುವುದು ಕಂತು.

ನಿದ್ದೆಗೆ ನನ್ನಲ್ಲಿ ಮದ್ದಿಲ್ಲ. ಕೆಲಸ ಮುಗಿಸಿ ರೂಮಿಗೆ ಬಂದ ಕೂಡಲೇ "ಬಂದೆ" ಎಂದು ಒಂದು ಮೆಸೇಜ್ ಹಾಕಲು ಹೇಳಿ. ಅಷ್ಟು ಕೇಳುವುದು ತಪ್ಪಲ್ಲ.

ಇನ್ನೊಂದು ಮಾತು, ಇದು ಸಲಹೆಯಲ್ಲ. ಪರಿಹಾರದ ಮೊದಲ ಕಂತು ಬಂದ ದಿನ ಅಣ್ಣ ಪಾಸ್‌ಬುಕ್ ಹಿಡಿದುಕೊಂಡು ಜಗಲಿಯಲ್ಲಿ ಸುಮ್ನೆ ಕೂತಿದ್ದ. ಬಸ್ರಾದಲ್ಲಿ ಬಸ್ಸು ಕೆಟ್ಟು ನಿಂತಾಗ ಚಹಾದಂಗಡಿಯವನೊಬ್ಬ ಇವರೆಲ್ಲರಿಗೂ ರೊಟ್ಟಿ, ನೀರು ಕೊಟ್ಟನಂತೆ. ದುಡ್ಡು ಮುಟ್ಟಲಿಲ್ಲವಂತೆ. "ಇದು ಅವನ ದುಡ್ಡು ಮಾರಾಯ್ತಿ" ಎಂದ ಅಣ್ಣ. ಆ ವರ್ಷಗಳಲ್ಲಿ ಇರಾಕಿನಲ್ಲಿ ದಿಗ್ಬಂಧನದಿಂದ ಊಟಕ್ಕೆ, ಔಷಧಿಗೆ ತತ್ವಾರ. ಕುವೈತಿಗೆ ನುಗ್ಗೋಣವೇ ಎಂದು ಆ ಚಹಾದವನನ್ನು ಯಾರೂ ಕೇಳಿರಲಿಲ್ಲ. ಆ ಪರಿಹಾರದ ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ. ಒಟ್ಟು 5,240 ಕೋಟಿ ಡಾಲರ್. ಏಳು ತಿಂಗಳ ಅತಿಕ್ರಮಣ, ಮೂವತ್ತೊಂದು ವರ್ಷದ ಸಾಲ. ಅಣ್ಣನಿಗೆ ನ್ಯಾಯ ಸಿಗಬೇಕಿತ್ತು, ಸಿಕ್ಕಿತು. ಆದರೆ ಅದನ್ನು ಕಟ್ಟಿದವರು ಯಾರು ಎಂಬುದು ನನ್ನನ್ನು ಬಿಟ್ಟಿಲ್ಲ.

ಪ್ರಶ್ನೆ: 1991ರಲ್ಲಿ ಭಾರತ ಬಂಗಾರ ಅಡವಿಟ್ಟದ್ದು ಕುವೈತ್ ಯುದ್ಧದಿಂದ ಎಂದು ನಮ್ಮ ಸರ್ ಹೇಳುತ್ತಾರೆ. ಪುಸ್ತಕದಲ್ಲಿ ಸರ್ಕಾರದ ಸಾಲವೇ ಕಾರಣ ಎಂದಿದೆ. ಯಾವುದು ಸರಿ?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಎರಡೂ ಸರಿ ಮಗಳೇ. ಗೆದ್ದಲು ಹಿಡಿದ ಸೂರಿನ ಪಕಾಸು ಬಿಸಿಲಲ್ಲಿ ನಿಂತೇ ಇರುತ್ತದೆ, ಗಾಳಿಮಳೆ ಬಂದ ದಿನ ಬೀಳುತ್ತದೆ. ಎಂಬತ್ತರ ದಶಕವೆಲ್ಲ ಸರ್ಕಾರ ವರಮಾನಕ್ಕಿಂತ ಜಾಸ್ತಿ ಖರ್ಚು ಮಾಡಿತ್ತು. ಹೊರಗಿನಿಂದ ಅಲ್ಪಾವಧಿಯ ಸಾಲವನ್ನೂ ತಂದಿತ್ತು. ಅದು ಗೆದ್ದಲು. ಕುವೈತಿನ ಯುದ್ಧ ಗಾಳಿ. ಎರಡೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಲ್ಲಿಂದ ಬರುತ್ತಿದ್ದ ದುಡ್ಡು ನಿಂತಿತು. ಅದಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಹೆದರಿಕೆ. ಹೊರದೇಶದಲ್ಲಿದ್ದ ನಮ್ಮವರು ಇಲ್ಲಿಟ್ಟಿದ್ದ ಠೇವಣಿ ತೆಗೆಯಲು ಶುರು ಮಾಡಿದರು. ನಮ್ಮ ಕೌಂಟರಿನಲ್ಲೇ ಅಂಥವರ ಎನ್‌ಆರ್‌ಇ ಖಾತೆ ಮುಚ್ಚುವ ಅರ್ಜಿಗಳು ಬರುತ್ತಿದ್ದವು. ಅರ್ಜಿ ಕೊಟ್ಟವರ ತಪ್ಪೇನೂ ಇರಲಿಲ್ಲ.

1991ರ ಬೇಸಗೆಯ ಹೊತ್ತಿಗೆ ದೇಶದ ಕೈಯಲ್ಲಿದ್ದ ವಿದೇಶಿ ಹಣ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು. ಮೇ ತಿಂಗಳಲ್ಲಿ 20 ಟನ್ ಬಂಗಾರ ಸ್ವಿಸ್ ಬ್ಯಾಂಕಿಗೆ ಹೋಯಿತು. ಕಳ್ಳಸಾಗಣೆಯವರಿಂದ ಸರ್ಕಾರ ಹಿಡಿದಿದ್ದ ಬಂಗಾರ ಅದು. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಲಂಡನ್ನಿಗೆ ಹೋಯಿತು. ಅದೇ ತಿಂಗಳ 1 ಮತ್ತು 3ರಂದು ರೂಪಾಯಿ ಬೆಲೆ ಇಳಿಸಿದರು. ಪೇಪರಿನಲ್ಲಿ "ದೇಶಕ್ಕೆ ಅವಮಾನ" ಎಂದು ದೊಡ್ಡ ಮಾತು. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ಬರೀ ಕೈಯಲ್ಲಿ ಅಕ್ಕಿ ಆರಿಸುತ್ತಿದ್ದರು. "ಅಡವಿಟ್ಟದ್ದಲ್ವಾ, ಮಾರಿದ್ದಲ್ಲವಲ್ಲ. ಬಿಡಿಸಿಕೊಂಡರಾಯ್ತು" ಎಂದರು. ಅವರ ಬಳೆ ಆಗಿನ್ನೂ ಸೊಸೈಟಿಯಲ್ಲೇ ಇತ್ತು.

ದೇಶ ತನ್ನ ಬಂಗಾರವನ್ನು ಆ ವರ್ಷವೇ ಬಿಡಿಸಿಕೊಂಡಿತು. ಅಮ್ಮನದಕ್ಕೆ ಮೂರು ವರ್ಷ ಹಿಡಿಯಿತು.

ಪ್ರಶ್ನೆ: ನಾವು ಗೆಳೆಯರು ವಾರಕ್ಕೊಮ್ಮೆ ಸೇರಿ ಗಂಟೆಗಟ್ಟಲೆ ಯುದ್ಧ, ಬೆಲೆ, ಮನುಷ್ಯನ ಸ್ವಭಾವ ಎಂದೆಲ್ಲ ಮಾತಾಡುತ್ತೇವೆ. ಮನೆಯವರು "ಇದರಿಂದ ಯಾವ ಯುದ್ಧ ನಿಂತಿತು?" ಎಂದು ಕೇಳುತ್ತಾರೆ. ಏನು ಹೇಳಲಿ?
– ನಿವೃತ್ತ ಶಿಕ್ಷಕರು, ಮೈಸೂರು

ಯುದ್ಧ ನಿಲ್ಲಲಿಲ್ಲ ಎಂದೇ ಹೇಳಿ ಸರ್. ಅದು ನಿಜ ತಾನೇ. ಆದರೆ ಮಾತು ನಿಲ್ಲಿಸಬೇಡಿ. ನನ್ನ ಅಣ್ಣ ಬಸ್ರಾದ ಒಂದು ಮಾತು ಬಿಟ್ಟರೆ ಮೂವತ್ತು ವರ್ಷ ಆ ದಾರಿಯ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ನಾವೂ ಕೇಳಲಿಲ್ಲ. ನೋವಾಗುತ್ತದೆ ಎಂದುಕೊಂಡು ಬಿಟ್ಟೆವು. ಈಗ ಅನ್ನಿಸುತ್ತದೆ, ನಾವು ಕೇಳಬೇಕಿತ್ತು.

2022ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಖಾರ್ಕಿವ್‌ನಿಂದ ವಾಪಸ್ ಬಂದಳು. ಅಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಮಾರ್ಚ್ 1ರಂದು ಅದೇ ಊರಿನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಗೆ ತೀರಿಕೊಂಡಿದ್ದ. ಮರುದಿನ ರಾಯಭಾರ ಕಚೇರಿ, ನಡೆದುಕೊಂಡಾದರೂ ಖಾರ್ಕಿವ್ ಬಿಡಿ ಎಂದಿತು. ಇವಳೂ ಹಿಮದಲ್ಲಿ ನಡೆದು ಪಿಸೋಚಿನ್ ಎಂಬ ಊರು ಸೇರಿದ್ದಳು. ಮನೆಗೆ ಬಂದ ಮೇಲೆ ಊರಿನವರೆಲ್ಲ ನೋಡಲು ಬಂದರು. ಪುಟಿನ್ ಹಾಗೆ, ಝೆಲೆನ್‌ಸ್ಕಿ ಹೀಗೆ ಎಂದು ಅವಳ ಮುಂದೆಯೇ ವಾದ ಮಾಡಿದರು. ಹುಡುಗಿ ಮಾತಾಡಲಿಲ್ಲ. ಸರಿಯಾಗಿ ಊಟವನ್ನೂ ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಣ್ಣ ಹೋದ. ಆಗ ಅವನಿಗೆ ಎಪ್ಪತ್ತು. ಜಗಲಿಯ ಮೇಲೆ ಅವಳ ಪಕ್ಕ ಕೂತ. ತುಂಬಾ ಹೊತ್ತು ಇಬ್ಬರೂ ಅಂಗಳದ ಅಡಿಕೆ ನೋಡುತ್ತಿದ್ದರು. ಆಮೇಲೆ ಅಣ್ಣ ಕೇಳಿದ, "ಕಾಲಿಗೆ ಏನು ಹಾಕಿಕೊಂಡಿದ್ದೆ ಮಗಾ?"

ಅವಳು ಅವನ ಮುಖ ನೋಡಿದಳು. "ಬೂಟು. ಗೆಳತಿದು. ಒಂದು ಸೈಜ್ ಚಿಕ್ಕದು" ಎಂದಳು.

"ನಂದು ಹವಾಯಿ ಚಪ್ಪಲಿ. ರುವೈಶಿದ್ ಹತ್ತಿರ ಬಾರ್ ಕಿತ್ತುಹೋಯ್ತು" ಎಂದ ಅಣ್ಣ.

ನಾನು ಕಾಫಿ ಕೊಟ್ಟು ಒಳಗೆ ಬಂದೆ. ದೀಪ ಹಚ್ಚುವ ಹೊತ್ತಾದರೂ ಇಬ್ಬರೂ ಎದ್ದಿರಲಿಲ್ಲ.