ಹಿಂಡನ್ನು ಎಬ್ಬಿಸಿದವರು ಯಾರು?

ಬೀಳಗಿಯ ತರುಣ ಬರಹಗಾರರಿಗೆ,

ನಮಸ್ಕಾರ. ‘ಕ್ಯಾಮೆರಾ ಬೇಟೆಯ ಒಂದು ಬೆಳಗು’ ಎಂಬ ನಿಮ್ಮ ಲೇಖನವೂ ಅದರ ಜೊತೆಗಿನ ಹನ್ನೊಂದು ಚಿತ್ರಗಳೂ ಕೈಸೇರಿ ಮೂರು ವಾರಗಳಾದವು. ತಡವಾದದ್ದಕ್ಕೆ ಕೆಲಸದ ಒತ್ತಡ ಕಾರಣವಲ್ಲ. ಎರಡು ಸಲ ಉತ್ತರ ಬರೆಯಲು ಕುಳಿತೆ, ಎರಡು ಸಲವೂ ಸಿಟ್ಟು ಇಳಿದಿಲ್ಲವೆಂದು ಎದ್ದೆ. ನಿಮ್ಮ ಹೆಸರನ್ನು ಬಿಟ್ಟು ಈ ಅಂಕಣದಲ್ಲೇ ಉತ್ತರಿಸುತ್ತಿದ್ದೇನೆ. ಆಲಮಟ್ಟಿಯ ಹಿನ್ನೀರು ಇಳಿದು ರಾಜಹಂಸಗಳು (ಫ್ಲೆಮಿಂಗೊ) ಕಾಣಿಸಿಕೊಳ್ಳುವ ಈ ದಿನಗಳಲ್ಲಿ ಇಂಥ ಬರಹಗಳು ಬೇರೆಯವರಿಂದಲೂ ಬರುತ್ತವೆ, ಅವರೂ ಓದಲಿ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಹೆರಕಲ್ ಹತ್ತಿರ ನೀರು ಸರಿದ ದಂಡೆಯನ್ನು ವರ್ಣಿಸುತ್ತ ‘ಬಿರುಕು ಬಿಟ್ಟ ಎರೆಮಣ್ಣು ನಮ್ಮಜ್ಜಿಯ ಹಿಮ್ಮಡಿಯಂತಿತ್ತು’ ಎಂದು ಬರೆದಿದ್ದೀರಿ. ಒಳ್ಳೆಯ ಸಾಲು. ಬೆಳಕನ್ನು ಗುರುತಿಸುವ ಕಣ್ಣು ನಿಮಗಿದೆ. ಕಾಗುಣಿತವೂ ಶುದ್ಧವಾಗಿದೆ.

ಇನ್ನು ಐದನೆಯ ಪ್ಯಾರಾಕ್ಕೆ ಬರುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ಅದೊಂದೇ ಪ್ಯಾರಾ. ಓದುಗರಿಗೂ ಗೊತ್ತಾಗಲೆಂದು ಪೂರ್ತಿಯಾಗಿ ಕೊಡುತ್ತಿದ್ದೇನೆ:

‘ಹಕ್ಕಿಗಳು ಬಹಳ ಹೊತ್ತು ತಲೆ ಎತ್ತಲೇ ಇಲ್ಲ. ಬೆಳಕು ಕೈತಪ್ಪುವ ಭಯವಿತ್ತು. ಕೊನೆಗೆ ಚಪ್ಪಾಳೆ ತಟ್ಟಿ ಹಿಂಡನ್ನು ಎಬ್ಬಿಸಲಾಯಿತು. ಕ್ಷಣಾರ್ಧದಲ್ಲಿ ಆಗಸವೇ ಗುಲಾಬಿಯಾಯಿತು. ಅಲ್ಲಿದ್ದ ಮೀನುಗಾರರೊಬ್ಬರು ಏನೋ ಕೂಗಿದರು, ಆದರೆ ಆ ಸೌಂದರ್ಯದ ಮುಂದೆ ನಮಗೆ ಏನೂ ಕೇಳಿಸಲಿಲ್ಲ.’

ಮೊದಲ ವಾಕ್ಯ: ‘ತಲೆ ಎತ್ತಲೇ ಇಲ್ಲ’. ಇದನ್ನು ನೀವು ದೂರಿನಂತೆ ಬರೆದಿದ್ದೀರಿ, ಹಕ್ಕಿ ನಿಮಗೆ ಏನೋ ಬಾಕಿ ಇಟ್ಟುಕೊಂಡಂತೆ. ಅದು ತಲೆ ಏಕೆ ಎತ್ತಲಿಲ್ಲ? ಉಣ್ಣುತ್ತಿತ್ತು. ರಾಜಹಂಸ ಉಣ್ಣುವ ರೀತಿ ಬೇರೆ ಹಕ್ಕಿಗಳದ್ದಲ್ಲ. ಉದ್ದನೆಯ ಕುತ್ತಿಗೆಯನ್ನು ಇಳಿಬಿಟ್ಟು, ತಲೆಯನ್ನು ಬುಡಮೇಲು ಮಾಡಿ, ಮೇಲಿನ ಕೊಕ್ಕು ಕೆಳಗಾಗುವಂತೆ ಕೆಸರುನೀರಿನಲ್ಲಿ ಅದ್ದುತ್ತದೆ. ದಪ್ಪ ನಾಲಿಗೆ ಪಂಪಿನಂತೆ ನೀರನ್ನು ಒಳಗೆಳೆದು ಹೊರಗೆ ದೂಡುತ್ತದೆ. ಕೊಕ್ಕಿನ ಅಂಚಿನ ಹಲ್ಲಣಿಗೆಯಂಥ ಎಳೆಗಳಲ್ಲಿ ಹುಳುಹುಪ್ಪಡಿ, ಪಾಚಿ, ಕಾಳುಗಳು ಸೋಸಿ ಉಳಿಯುತ್ತವೆ. ಒಂದೊಂದು ಕಣವಾಗಿ ಹೊಟ್ಟೆ ತುಂಬಬೇಕಾದ ಹಕ್ಕಿ ಅದು. ಅದರ ಗುಲಾಬಿ ಬಣ್ಣವೂ ಆ ಊಟದಿಂದಲೇ ಬಂದದ್ದು. ನಿಮ್ಮ ಲೇಖನದ ಮೂರನೆಯ ಪ್ಯಾರಾದಲ್ಲಿ ಲೆನ್ಸ್‌ನ 600 ಎಂಎಂ ಇದೆ, ಷಟರ್ ವೇಗದ 1/3200 ಇದೆ, ಐಎಸ್‌ಒ ಕೂಡ ಇದೆ. ನೀರೊಳಗಿನ ಆ ಕೊಕ್ಕಿನ ಬಗ್ಗೆ ಮಾತ್ರ ಒಂದು ಪದವೂ ಇಲ್ಲ. ಆರುನೂರು ಎಂಎಂ ಹತ್ತಿರ ತಂದು ತೋರಿಸಿದ್ದನ್ನು ನೀವು ನೋಡದೆ ಕಾಯುತ್ತ ಕುಳಿತಿರಿ.

ಎರಡನೆಯ ವಾಕ್ಯವನ್ನು ಬಿಡುತ್ತೇನೆ. ಮೂರನೆಯದು: ‘ಹಿಂಡನ್ನು ಎಬ್ಬಿಸಲಾಯಿತು’.

ಯಾರು ಎಬ್ಬಿಸಿದರು?

ನಿಮ್ಮ ಮೊದಲ ನಾಲ್ಕು ಪ್ಯಾರಾಗಳಲ್ಲಿ ‘ನಾನು’ ಎಂಬ ಪದ ಹದಿನಾಲ್ಕು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ನಾನು ನಾಲ್ಕಕ್ಕೆ ಎದ್ದೆ, ನಾನು ಬೈಕ್ ಹೊರಗೆ ತೆಗೆದೆ, ನಾನು ಕೆಸರಿನಲ್ಲಿ ಮೊಣಕಾಲೂರಿದೆ. ಆರನೆಯ ಪ್ಯಾರಾದಲ್ಲಿ ‘ನಾನು ಸೆರೆಹಿಡಿದ ಅಪೂರ್ವ ದೃಶ್ಯ’ ಎಂದು ಅದೇ ‘ನಾನು’ ಮರಳಿ ಬರುತ್ತದೆ. ಚಪ್ಪಾಳೆ ತಟ್ಟುವ ಹೊತ್ತಿಗೆ ಅದು ಎಲ್ಲಿಗೆ ಹೋಗಿತ್ತು? ‘ಲಾಯಿತು’ ಕಚೇರಿಗಳ ಭಾಷೆ. ಅರ್ಜಿಯನ್ನು ತಿರಸ್ಕರಿಸಲಾಯಿತು, ಮರಗಳನ್ನು ತೆರವುಗೊಳಿಸಲಾಯಿತು. ಅರ್ಜಿ ತಿರಸ್ಕರಿಸಿದ ಕೈಯೂ ಕೊಡಲಿ ಹಿಡಿದ ಕೈಯೂ ಅಲ್ಲಿ ಕಾಣುವುದಿಲ್ಲ. ಕನ್ನಡದಲ್ಲಿ ಮಾಡಿದವನನ್ನು ಮರೆಮಾಡುವುದು ಅಷ್ಟು ಸುಲಭವೂ ಅಲ್ಲ. ನಮ್ಮ ಕ್ರಿಯಾಪದ ತನ್ನ ಬಾಲದಲ್ಲೇ ಕರ್ತೃವನ್ನು ಹೊತ್ತು ತಿರುಗುತ್ತದೆ. ‘ಎಬ್ಬಿಸಿದೆ’ ಎಂದರೆ ನಾನು, ‘ಎಬ್ಬಿಸಿದೆವು’ ಎಂದರೆ ನಾವು. ‘ನಾನು’ ಎಂದು ಬರೆಯದಿದ್ದರೂ ಸತ್ಯ ಹೊರಬೀಳುತ್ತದೆ. ಅದನ್ನು ತಪ್ಪಿಸಬೇಕಾದರೆ ಬಳಸುದಾರಿ ಹಿಡಿದು ‘ಎಬ್ಬಿಸಲಾಯಿತು’ ತನಕ ನಡೆಯಬೇಕು. ನೀವು ಅಷ್ಟು ದೂರ ನಡೆದಿದ್ದೀರಿ. ಆ ಕೆಲಸ ಸರಿಯಲ್ಲವೆಂದು ನಿಮ್ಮೊಳಗೆ ಯಾವುದೋ ಒಂದು ಮೂಲೆಗೆ ತಿಳಿದಿತ್ತು ಎನ್ನುವುದಕ್ಕೆ ಆ ಕ್ರಿಯಾಪದವೇ ಸಾಕ್ಷಿ. ನಿಮ್ಮ ಲೇಖನವನ್ನು ಕಸದ ಬುಟ್ಟಿಗೆ ಹಾಕದೆ ಉತ್ತರ ಬರೆಯಲು ಕುಳಿತದ್ದೂ ಅದಕ್ಕಾಗಿಯೇ.

ಈ ಕ್ರಿಯಾಪದದ ಪರಿಚಯ ನನಗೆ ಹಳೆಯದು. 1994ರ ಬೇಸಿಗೆ. ಬಾಗಲಕೋಟೆ ಆಗ ಇನ್ನೂ ಬಿಜಾಪುರ ಜಿಲ್ಲೆಯಲ್ಲಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಾನು ಒಂದು ಪತ್ರಿಕೆಯಲ್ಲಿ ಹೊಸದಾಗಿ ಕೆಲಸ ಕಲಿಯುತ್ತಿದ್ದೆ. ಅಲ್ಲಿನ ಹಿರಿಯ ಉಪಸಂಪಾದಕರು ಮೊದಲು ಶಾಲೆಯಲ್ಲಿ ಕಲಿಸಿದವರಾದ್ದರಿಂದ ಎಲ್ಲರೂ ಅವರನ್ನು ಮಾಸ್ತರರು ಎನ್ನುತ್ತಿದ್ದರು. ಮೇ ತಿಂಗಳ ಒಂದು ದಿನ ಗೆಳೆಯನಿಂದ ಕ್ಯಾಮೆರಾ ಕಡ ತಂದು, 36 ಚಿತ್ರಗಳ ಒಂದು ರೋಲ್ ಹಾಕಿಕೊಂಡು, ಬಾಗಲಕೋಟೆಯ ಹೊರಗೆ ಘಟಪ್ರಭೆಯ ದಂಡೆಗೆ ಹೋದೆ. ಬತ್ತಿದ ಹೊಳೆಯ ಬಗ್ಗೆ ಬರೆಯುವುದಿತ್ತು. ಗರಸು ಹರಡಿದ ದಿಬ್ಬದ ಮೇಲೆ ಕಾಲಿಡುತ್ತಿದ್ದಂತೆ ಎರಡು ಟಿಟ್ಟಿಭಗಳು ತಲೆಯ ಮೇಲೆಯೇ ಸುತ್ತುತ್ತ ಚೀರತೊಡಗಿದವು. ನೋಡಿದರೆ ನನ್ನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆಗಳು.

ಆ ಮೊಟ್ಟೆಗಳನ್ನು ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಒಣಗಿದ ಕೆಸರಿನ ಬಣ್ಣ, ಅದರ ಮೇಲೆ ಶಾಯಿ ಸಿಡಿದಂತೆ ಕಪ್ಪು ಚುಕ್ಕೆಗಳು. ಚೂಪಾದ ತುದಿಗಳನ್ನೆಲ್ಲ ಒಳಗೆ ಮಾಡಿ ಜೋಡಿಸಿಟ್ಟಿದ್ದವು. ಗೂಡು ಎಂಬುದೇ ಇಲ್ಲ, ನೆಲವನ್ನು ತುಸು ಕೆದರಿ ಸುತ್ತಲೂ ಹರಳುಗಳನ್ನು ಇಟ್ಟಷ್ಟೇ. ಹರಳು ಯಾವುದು, ಮೊಟ್ಟೆ ಯಾವುದು ಎಂದು ಬೇರೆ ಮಾಡಲಾಗದಂತೆ ಆ ಚುಕ್ಕೆಗಳು ಕೆಲಸ ಮಾಡುತ್ತಿದ್ದವು. ನರಿ, ಕಾಗೆ, ನಾಯಿಗಳಿಂದ ಆ ಮೊಟ್ಟೆಗಳಿಗಿದ್ದ ಕಾವಲು ಆ ಚುಕ್ಕೆಗಳು ಮತ್ತು ತಂದೆತಾಯಿಯ ಕೂಗು, ಇವೆರಡೇ.

ನನ್ನ ಹತ್ತಿರ ಇದ್ದದ್ದು 50 ಎಂಎಂ ಲೆನ್ಸ್. ಹಕ್ಕಿ ಮೊಟ್ಟೆಗಳ ಮೇಲೆ ಕುಳಿತ ಚಿತ್ರ ಬೇಕೆಂದರೆ ಹತ್ತಿರವೇ ಕೂರಬೇಕು. ಕುಳಿತೆ, ಎರಡು ತಾಸು. ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಓಡಿ ಬರುವುದು, ನನ್ನನ್ನು ಕಂಡು ನಿಲ್ಲುವುದು, ಮತ್ತೆ ಹಿಂದಿರುಗುವುದು. ಎಷ್ಟು ಸಲ ಹಾಗಾಯಿತೋ. ಬಿಸಿಲಿನಲ್ಲಿ ಮೊಟ್ಟೆಗಳನ್ನು ತಂಪಾಗಿಡಲು ಟಿಟ್ಟಿಭ ಹಾಗೆ ಹೊಟ್ಟೆಯಲ್ಲಿ ನೀರು ಹೊತ್ತು ತರುತ್ತದೆ ಎಂದು ನನಗೆ ಆಗ ತಿಳಿದಿರಲಿಲ್ಲ. ಹಕ್ಕಿ ನಾಚಿಕೆಯದು ಅಂದುಕೊಂಡೆ. ಎರಡು ದಿನ ಬಿಟ್ಟು ಹೋದಾಗ ಮೊಟ್ಟೆಗಳಿಗೆ ಇರುವೆ ಹತ್ತಿತ್ತು.

ಕಚೇರಿಗೆ ಬಂದು ‘ಬಿಸಿಲಿನ ತಾಪಕ್ಕೆ ಮೊಟ್ಟೆಗಳು ಹಾಳಾಗಿರುವುದು ಕಂಡುಬಂತು’ ಎಂದು ಬರೆದೆ. ಮಾಸ್ತರರು ಕೆಂಪು ಪೆನ್ಸಿಲ್‌ನಿಂದ ‘ಕಂಡುಬಂತು’ ಎಂಬುದರ ಕೆಳಗೆ ಗೆರೆ ಎಳೆದು, ಮೊಟ್ಟೆಗಳನ್ನು ಮೊದಲ ಸಲ ನೋಡಿದ ದಿನ ನಾನು ಅಲ್ಲಿ ಎಷ್ಟು ಹೊತ್ತು ಇದ್ದೆ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ತಮ್ಮಾ, ಹಳೆಯ ಕಥೆಯಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಒಯ್ದದ್ದು ಸಮುದ್ರ. ಕಥೆ ಹೇಳಿದವರು ಅಷ್ಟು ದೊಡ್ಡ ಸಮುದ್ರದ ಹೆಸರನ್ನೇ ಹಿಡಿದು ಹೇಳಿದರು. ನಿನ್ನ ಹೆಸರು ಹೇಳಲು ನಿನಗೇನು ತೊಂದರೆ?’ ಎಂದರು.

ನಾಲ್ಕು ಸಲ ತಿದ್ದಿ ಬರೆದೆ. ನಾಲ್ಕನೆಯ ಪ್ರತಿಯಲ್ಲಿ ಇದ್ದದ್ದು ಇಷ್ಟು: ‘ನಾನು ಎರಡು ತಾಸು ಅಲ್ಲಿ ಕುಳಿತೆ. ಹಕ್ಕಿ ಮೊಟ್ಟೆಗಳ ಬಳಿ ಬರಲಾಗಲಿಲ್ಲ. ಮೊಟ್ಟೆಗಳು ಬೆಂದವು.’ ಬರಹವನ್ನು ಅಚ್ಚಿಗೆ ಕೊಟ್ಟರು, ಚಿತ್ರವನ್ನು ಕೊಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಹಕ್ಕಿಯ ಮೊಟ್ಟೆಗಳಿಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ ಎಂದು ನಾನು ಓದಿ ತಿಳಿದದ್ದು ಬಹಳ ಕಾಲದ ನಂತರ. ‘ಕ್ಯಾಮೆರಾ ಬೇಟೆ’ ಎಂಬ ನಿಮ್ಮ ಶೀರ್ಷಿಕೆಯನ್ನು ನೋಡಿದಾಗ ಮೊದಲು ನೆನಪಾದದ್ದು ಅದು. ಆ ಗರಸಿನ ದಂಡೆ ಈಗ ಇಲ್ಲ. ಆಲಮಟ್ಟಿಯಲ್ಲಿ ನೀರು ನಿಂತ ಮೇಲೆ, ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳ ಹಾಗೆ ಅದೂ ಮುಳುಗಿತು. ನೀವು ಚಪ್ಪಾಳೆ ತಟ್ಟಿದ್ದು ಅದೇ ಹಿನ್ನೀರಿನ ದಂಡೆಯಲ್ಲಿ.

ನಾಲ್ಕನೆಯ ವಾಕ್ಯ: ‘ಆಗಸವೇ ಗುಲಾಬಿಯಾಯಿತು’. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನಿಂತ ರಾಜಹಂಸ ದೂರಕ್ಕೆ ಬೆಳ್ಳಗೆ ಕಾಣುತ್ತದೆ. ಅದರ ಕೆಂಪೂ ಕಪ್ಪೂ ಇರುವುದು ಮಡಿಸಿದ ರೆಕ್ಕೆಯೊಳಗೆ. ರೆಕ್ಕೆ ಬಿಚ್ಚಿದಾಗಲೇ ಆ ಬಣ್ಣ. ಆದರೆ ಅದು ಗುಬ್ಬಿಯಂತೆ ಪುರ್ರನೆ ಏಳುವ ಹಕ್ಕಿಯಲ್ಲ. ನೀರಿನ ಮೇಲೆ ಹತ್ತಾರು ಹೆಜ್ಜೆ ಓಡಿ, ಮೈಭಾರವನ್ನೆಲ್ಲ ರೆಕ್ಕೆಗೆ ಹಾಕಿ ಏಳಬೇಕು. ಆ ಓಟದ ಖರ್ಚು ಅದರ ಬೆಳಗಿನ ಊಟದಿಂದ ಹೋಗುತ್ತದೆ. ಎದ್ದ ಹಿಂಡು ಎಲ್ಲಿ ಇಳಿಯಿತು? ಮರಳಿ ಬಂತೇ? ನಿಮ್ಮ ಲೇಖನದಲ್ಲಿ ಆಗಸ ಗುಲಾಬಿಯಾದ ಮೇಲೆ ಹಕ್ಕಿಗಳಿಗೆ ಒಂದು ವಾಕ್ಯವೂ ಉಳಿದಿಲ್ಲ.

ಹಾರುವ ಚಿತ್ರ ಬೇಕೇ ಬೇಕೆಂದರೆ ಚಪ್ಪಾಳೆ ಬೇಕಾಗಿಲ್ಲ. ಹಿಂಡುಗಳು ಮೇವಿನ ಜಾಗ ಬದಲಿಸಲು ತಾವಾಗಿ ಏಳುತ್ತವೆ. ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿ ಏಳುವುದರಿಂದ, ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ದೂರದಲ್ಲಿ ಕುಳಿತರೆ ಅವು ನಿಮ್ಮ ಕಡೆಗೇ ಮುಖ ಮಾಡಿ ಏಳುತ್ತವೆ. ಉಣ್ಣುತ್ತಿದ್ದವು ಒಂದೊಂದಾಗಿ ಕುತ್ತಿಗೆ ನೆಟ್ಟಗೆ ಮಾಡಿ, ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗಿದರೆ ನೀವು ಅತಿ ಹತ್ತಿರ ಬಂದಿದ್ದೀರಿ ಎಂದು ಅರ್ಥ. ಆಗ ಹಿಂದೆ ಸರಿಯಬೇಕು. ನಾಲ್ಕು ಭಾನುವಾರ ಚಿತ್ರ ಸಿಗದೆ ಇರಬಹುದು. ಸಿಗದಿದ್ದರೆ ಆ ನಾಲ್ಕು ಭಾನುವಾರಗಳ ಬಗ್ಗೆ ಬರೆಯಿರಿ.

ಎರಡನೆಯ ಪ್ಯಾರಾದಲ್ಲಿ ಇವುಗಳನ್ನು ‘ಸೈಬೀರಿಯಾದಿಂದ ಬಂದ ವಿದೇಶಿ ಅತಿಥಿಗಳು’ ಎಂದು ಕರೆದಿದ್ದೀರಿ. ಚಳಿಗಾಲದ ಹಕ್ಕಿಗಳೆಲ್ಲ ಸೈಬೀರಿಯಾದವು ಎಂದು ಬರೆಯುವ ರೂಢಿಯನ್ನು ನಮ್ಮ ಪತ್ರಿಕೆಗಳೇ ಬೆಳೆಸಿವೆ, ಆ ತಪ್ಪಿನಲ್ಲಿ ನನಗೂ ಪಾಲಿದೆ. ರಾಜಹಂಸ ಸೈಬೀರಿಯಾದ ಹಕ್ಕಿಯಲ್ಲ. ನಮ್ಮ ದೇಶದಲ್ಲಿ ಅದು ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುವ ಜಾಗ ಗುಜರಾತಿನ ಕಚ್ಛದ ರಣ್. ಪಕ್ಷಿತಜ್ಞ ಸಲೀಂ ಅಲಿ 1945ರಲ್ಲೇ ಅಲ್ಲಿಗೆ ಹೋಗಿ ನೋಡಿ ಬರೆದಿದ್ದಾರೆ. ಅದಿರಲಿ. ‘ಅತಿಥಿ’ ಎಂದು ನೀವೇ ಕರೆದಿರಲ್ಲ, ನಮ್ಮ ಕಡೆ ಉಣ್ಣುತ್ತಿರುವವರನ್ನು ಗಂಗಾಳದ ಮುಂದಿನಿಂದ ಎಬ್ಬಿಸುತ್ತೇವೆಯೇ? ಹಗೆಯವನು ಉಣ್ಣುತ್ತಿದ್ದರೂ ಹೊರಗೆ ಕಾಯುತ್ತೇವೆ. ಎರಡನೆಯ ಪ್ಯಾರಾದ ಆ ಪದವನ್ನು ಐದನೆಯ ಪ್ಯಾರಾದ ಪಕ್ಕದಲ್ಲಿಟ್ಟು ನೀವೇ ಒಮ್ಮೆ ಓದಿ ನೋಡಿ.

ಕೊನೆಯದಾಗಿ ಆ ಮೀನುಗಾರರು. ‘ಏನೋ ಕೂಗಿದರು.’ ಇಡೀ ಲೇಖನದಲ್ಲಿ ನನಗೆ ಹೆಚ್ಚು ಬೇಕಾಗಿದ್ದ ಮಾತು ಆ ‘ಏನೋ’ ಒಳಗಿದೆ. ದಿನಾ ಬೆಳಿಗ್ಗೆ ಅದೇ ನೀರಿನಲ್ಲಿ ಬಲೆ ಹಾಕುವ ಮನುಷ್ಯ, ಹಕ್ಕಿಗಳು ಎಂದು ಬಂದವು, ಎಲ್ಲಿ ಮೇಯುತ್ತವೆ, ಯಾರು ಬಂದು ಎಬ್ಬಿಸುತ್ತಾರೆ ಎಂದು ಬಲ್ಲವರು. ಅವರು ಬೈದಿರಬಹುದು. ಬೈದಿದ್ದರೆ ಆ ಬೈಗುಳ ಲೇಖನದಲ್ಲಿ ಇರಬೇಕು.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಒಂದು ಚಿತ್ರವನ್ನು ಮಾತ್ರ ಇಲ್ಲಿ ಇಟ್ಟುಕೊಂಡಿದ್ದೇನೆ, ಒಂಬತ್ತನೆಯದು. ತುಸು ವಾಲಿದೆ, ನೀವೂ ಅದನ್ನು ಕೊನೆಯ ಸಾಲಿನಲ್ಲಿ ಸೇರಿಸಿದ್ದೀರಿ. ಏಳು ಹಕ್ಕಿಗಳು ತಲೆಯನ್ನು ನೀರಿನಲ್ಲಿ ಇಟ್ಟಿವೆ, ಪಕ್ಕದಲ್ಲಿ ಬೂದು ಬಣ್ಣದ್ದೊಂದು ನಿಂತಿದೆ. ಅದಕ್ಕೆ ‘ಬಣ್ಣ ಕಳೆದುಕೊಂಡ ರೋಗಿ’ ಎಂದು ಅಡಿಬರಹ ಕೊಟ್ಟಿದ್ದೀರಿ. ಅದು ರೋಗಿಯಲ್ಲ, ಎಳೆಯ ಹಕ್ಕಿ. ಗುಲಾಬಿ ಬಣ್ಣ ತುಂಬಿಕೊಳ್ಳಲು ಅದಕ್ಕೆ ಇನ್ನೂ ಕೆಲವು ವರ್ಷ ಹೀಗೆ ಉಣ್ಣುವುದಿದೆ. ಚಪ್ಪಾಳೆಗೆ ಮೊದಲು ತೆಗೆದ ಚಿತ್ರ ಅದು ಎಂದು ಅಂದುಕೊಂಡಿದ್ದೇನೆ. ಅದರ ಜೊತೆಗೆ ಅಚ್ಚು ಹಾಕುವಂಥ ಬರಹ ಬೇಕು. ಮಾರ್ಚ್ ಮುಗಿಯುವುದರೊಳಗೆ ಕಳುಹಿಸಿ. ಹೆರಕಲ್‌ಗೆ ಮತ್ತೆ ಹೋದಾಗ ಕ್ಯಾಮೆರಾ ತೆಗೆಯುವ ಮೊದಲು ಆ ಮೀನುಗಾರರನ್ನು ಹುಡುಕಿ, ಅಂದು ಏನು ಕೂಗಿದಿರಿ ಎಂದು ಕೇಳಿ ಬರೆದುಕೊಳ್ಳಿ.

ನಿಮ್ಮ,
ಸಂಪಾದಕ