ಸ್ಪ್ರಿಂಗಾ, ಜ್ಯೂಸಾ? ಅದಕ್ಕೂ ಮೊದಲು ಕನ್‌ಸ್ಟ್ರಕ್ಟರ್ ನೋಡಿ

ಐಒಸಿ (ಇನ್ವರ್ಶನ್ ಆಫ್ ಕಂಟ್ರೋಲ್), ಡಿಪೆಂಡೆನ್ಸಿ ಇಂಜೆಕ್ಷನ್ ಎರಡೂ ಒಂದೇನಾ, ಹೊಸ ಜಾವಾ ಪ್ರಾಜೆಕ್ಟ್‌ಗೆ ಸ್ಪ್ರಿಂಗ್ ಫ್ರೇಮ್‌ವರ್ಕ್ ಒಳ್ಳೆಯದಾ, ಗೂಗಲ್‌ನ ಜ್ಯೂಸ್ (Guice) ಲೈಬ್ರರಿ ಒಳ್ಳೆಯದಾ ಅಂತ ಕೇಳಿದ್ದೀರಿ.

ಎರಡೂ ಒಂದೇ ಅಲ್ಲ. ನಿಮ್ಮ ಕೋಡನ್ನು ಯಾವಾಗ ಕರೆಯಬೇಕು ಅಂತ ಫ್ರೇಮ್‌ವರ್ಕೇ ತೀರ್ಮಾನಿಸಿದರೆ ಅದು ಐಒಸಿ. ಸರ್ವ್‌ಲೆಟ್‌ನಲ್ಲಿ, ಅಂದರೆ ವೆಬ್ ರಿಕ್ವೆಸ್ಟ್‌ಗೆ ಉತ್ತರಿಸುವ ಜಾವಾ ಕ್ಲಾಸ್‌ನಲ್ಲಿ, ಡೂಗೆಟ್ ಮೆಥಡ್ ಬರೆದಿಟ್ಟರೆ ಸಾಕು, ರಿಕ್ವೆಸ್ಟ್ ಬಂದಾಗ ಟಾಮ್‌ಕ್ಯಾಟ್ ಸರ್ವರ್ ಅದನ್ನು ಕರೆಯುತ್ತದೆ. ಅಲ್ಲಿ ಇಂಜೆಕ್ಷನ್ ಇಲ್ಲ, ಆದರೂ ಅದು ಐಒಸಿನೇ. ಒಂದು ಕ್ಲಾಸ್‌ ತನಗೆ ಬೇಕಾದ ಆಬ್ಜೆಕ್ಟ್‌ಗಳನ್ನು ತಾನೇ ಮಾಡಿಕೊಳ್ಳದೆ ಹೊರಗಿನಿಂದ ಪಡೆದರೆ ಅದು ಡಿಪೆಂಡೆನ್ಸಿ ಇಂಜೆಕ್ಷನ್. ಐಒಸಿ ಅನ್ನುವ ಮಾತು ತೀರಾ ವಿಶಾಲವಾಯಿತು ಅಂತಲೇ 2004ರ ಜನವರಿಯ ಒಂದು ಲೇಖನದಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಈ ಎರಡನೇ ಹೆಸರನ್ನು ಬಳಕೆಗೆ ತಂದರು.

ನಿಮ್ಮ ಕ್ಲಾಸ್ ತನಗೆ ಬೇಕಾದ್ದನ್ನು ಹೇಗೆ ಕೇಳುತ್ತದೆ? ನಾನು ಮೊದಲು ನೋಡುವುದು ಇದನ್ನೇ. ಸರ್ವೀಸ್ ಲೊಕೇಟರ್, ಅಂದರೆ ಆಬ್ಜೆಕ್ಟ್‌ಗಳನ್ನು ಹುಡುಕಿಕೊಡುವ ಒಂದು ಕೇಂದ್ರ, ಬಳಸಿದರೆ ಯಾವುದೋ ಮೆಥಡ್‌ನ ಮಧ್ಯದಲ್ಲಿ ಕ್ಲಾಸೇ ಹೋಗಿ ತಂದುಕೊಳ್ಳುತ್ತದೆ. ಏನೇನು ಬೇಕು ಅಂತ ತಿಳಿಯಲು ಪೂರ್ತಿ ಕೋಡ್ ಓದಬೇಕು. ಫೀಲ್ಡ್ ಮೇಲೆ ಆಟೋವೈರ್ಡ್ ಹಾಕುವುದು (ಇದನ್ನು ನೀನೇ ತುಂಬು ಅಂತ ಸ್ಪ್ರಿಂಗ್‌ಗೆ ಹೇಳುವ ಗುರುತು) ನೋಡಲು ಚೆಂದ, ಆದರೆ ಅದು ತೊಂದರೆಯನ್ನು ಮುಚ್ಚಿಡುತ್ತದೆ. ಆಬ್ಜೆಕ್ಟ್ ಮಾಡುವಾಗ ಓಡುವ ಕನ್‌ಸ್ಟ್ರಕ್ಟರ್‌ನಲ್ಲೇ ಕೇಳಿದರೆ ಬೇಕಾದದ್ದೆಲ್ಲ ಎದುರಿಗೇ ಕಾಣುತ್ತದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಬಿಲ್ಲಿಂಗ್ ಕ್ಲಾಸ್ ಒಂದಿತ್ತು. ಅದಕ್ಕೆ ಯೂನಿಟ್ ಟೆಸ್ಟ್ ಬರೆಯೋಣ ಅಂತ ನ್ಯೂ ಹಾಕಿ ಆಬ್ಜೆಕ್ಟ್ ಮಾಡಿದೆ. ಮೊದಲ ಸಾಲಿಗೇ ನಲ್ ಪಾಯಿಂಟರ್ ಎರರ್, ಫೀಲ್ಡ್‌ಗಳೆಲ್ಲ ಖಾಲಿ. ಫೀಲ್ಡ್‌ಗಳು ಪ್ರೈವೇಟ್, ಸ್ಪ್ರಿಂಗ್ ಬಿಟ್ಟು ಬೇರೆ ಯಾರೂ ಅವನ್ನು ತುಂಬುವ ಹಾಗಿರಲಿಲ್ಲ. ಎಲ್ಲವನ್ನೂ ಕನ್‌ಸ್ಟ್ರಕ್ಟರ್‌ಗೆ ತಂದೆ. ಹನ್ನೊಂದು ಪ್ಯಾರಾಮೀಟರ್! ಬಿಲ್ ಲೆಕ್ಕ, ಇಮೇಲ್, ಪಿಡಿಎಫ್, ರಿಯಾಯಿತಿ ಎಲ್ಲವನ್ನೂ ಒಂದೇ ಕ್ಲಾಸ್ ಹೊತ್ತುಕೊಂಡಿತ್ತು. ಫೀಲ್ಡ್‌ಗಳಾಗಿದ್ದಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಮೂರು ಕ್ಲಾಸ್‌ಗಳಾಗಿ ಒಡೆದ ಮೇಲೆ ಟೆಸ್ಟ್‌ಗೆ ಸ್ಪ್ರಿಂಗ್ ಬೇಕೇ ಆಗಲಿಲ್ಲ.

ಇದಕ್ಕೆ ಅದು ಬೇಕು, ಅದಕ್ಕೆ ಇದು ಬೇಕು ಅಂತ ಒಂದಕ್ಕೊಂದು ಸುತ್ತಿಕೊಂಡ ಕ್ಲಾಸ್‌ಗಳ ಕಥೆಯೂ ಹಾಗೇ. ಫೀಲ್ಡ್ ಇಂಜೆಕ್ಷನ್‌ನಲ್ಲಿ ಅವು ಹೇಗೋ ನಡೆದುಹೋಗುತ್ತಿದ್ದವು. ಕನ್‌ಸ್ಟ್ರಕ್ಟರ್‌ನಲ್ಲಾದರೆ ಆಪ್ ಶುರುವಾಗುವಾಗಲೇ ಎಡವುತ್ತದೆ. 2021ರಲ್ಲಿ ಬಂದ ಸ್ಪ್ರಿಂಗ್ ಬೂಟ್ (ಸ್ಪ್ರಿಂಗ್ ಆಪ್‌ಗಳನ್ನು ಬೇಗ ಶುರುಮಾಡಲು ಇರುವ ಸಾಧನ) 2.6ರಿಂದ ಇಂಥ ಸುತ್ತುಗಳಿಗೆ ಡಿಫಾಲ್ಟ್ ಆಗಿಯೇ ತಡೆ ಇದೆ. ಒಳ್ಳೆಯದೇ ಆಯಿತು.

ಇನ್ನು ಸ್ಪ್ರಿಂಗೋ ಜ್ಯೂಸೋ ಅನ್ನುವುದು. ವೆಬ್, ಡೇಟಾಬೇಸ್, ಟ್ರಾನ್ಸಾಕ್ಷನ್ ಎಲ್ಲ ಬೇಕಿದ್ದರೆ ಸ್ಪ್ರಿಂಗ್ ತೆಗೆದುಕೊಳ್ಳಿ. ಬರೀ ಆಬ್ಜೆಕ್ಟ್‌ಗಳ ಜೋಡಣೆ ಸಾಕಿದ್ದರೆ ಜ್ಯೂಸ್ ಹಗುರ. ಯಾವ ಇಂಟರ್‌ಫೇಸ್‌ಗೆ ಯಾವ ಕ್ಲಾಸ್ ಅನ್ನುವುದನ್ನು ಅದರ ಮಾಡ್ಯೂಲ್‌ನಲ್ಲಿ ಜಾವಾದಲ್ಲೇ ಬರೆಯಬಹುದು. ಆಂಡ್ರಾಯ್ಡ್ ಆದರೆ ಇದೇ ಕೆಲಸದ ಇನ್ನೊಂದು ಲೈಬ್ರರಿ ಡ್ಯಾಗರ್ ನೋಡಿ, ಜೋಡಣೆಯ ತಪ್ಪು ಕಂಪೈಲ್ ಮಾಡುವಾಗಲೇ ಸಿಗುತ್ತದೆ.

ನಿಮ್ಮದು ಚಿಕ್ಕ ಪ್ರಾಜೆಕ್ಟ್ ಅಲ್ವಾ? ಹಾಗಾದರೆ ಸದ್ಯಕ್ಕೆ ಯಾವುದೂ ಬೇಡ. ಮೇನ್ ಮೆಥಡ್‌ನಲ್ಲಿ ಕೈಯಾರೆ ಜೋಡಿಸಿ. ಆ ಸಾಲುಗಳು ಒಂದು ಸ್ಕ್ರೀನ್ ದಾಟಿದಾಗ ಸ್ಪ್ರಿಂಗ್ ತನ್ನಿ. ಜೋಡಣೆಯನ್ನು ಬೇರೆ ಕಾನ್ಫಿಗರೇಶನ್ ಕ್ಲಾಸ್‌ನಲ್ಲಿ ಬರೆದರೆ ನಿಮ್ಮ ಹಳೆಯ ಕ್ಲಾಸ್‌ಗಳಲ್ಲಿ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.