ಗಾಂಜಾ ಬೆರೆಸಿದ ಗಮ್ಮಿ, ಚಾಕೊಲೇಟ್, ಬ್ರೌನಿ, ಪಾನೀಯ: ಯಾವುದರ ಅಮಲು ಸೌಮ್ಯ?

ಗಾಂಜಾ ತಿನಿಸುಗಳಲ್ಲಿ ಯಾವುದರ ಅಮಲು ಸೌಮ್ಯ ಎಂದು ಕೇಳಿದ್ದೀರಿ; ಗಾಂಜಾ ಕಾನೂನುಬದ್ಧವಾಗಿರುವ ಕಡೆ ನೀವಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಗಮ್ಮಿ (ಜಗಿಯುವ ಜೆಲ್ಲಿ ಮಿಠಾಯಿ) ಸೌಮ್ಯ, ಬ್ರೌನಿ ಜೋರು ಎಂಬ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) ಒಳಗೆ ಹೋಯಿತು, ಯಾವ ದಾರಿಯಲ್ಲಿ ರಕ್ತ ಸೇರಿತು, ನೋಡಬೇಕಾದದ್ದು ಇವೆರಡನ್ನು.

ಸೇದಿದರೆ ಟಿಎಚ್‌ಸಿ ಶ್ವಾಸಕೋಶದಿಂದ ನೇರ ರಕ್ತಕ್ಕಿಳಿದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ನುಂಗಿದರೆ ಮೊದಲು ಲಿವರ್ ದಾಟಬೇಕು. ಅಲ್ಲಿ ಅದರ ಒಂದು ಪಾಲು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗುತ್ತದೆ. ಇದಕ್ಕೂ ಅಮಲಿನ ಗುಣವಿದೆ, ಮಿದುಳನ್ನೂ ಸಲೀಸಾಗಿ ಹೊಗುತ್ತದೆ. ಆದ್ದರಿಂದಲೇ ತಿಂದದ್ದರ ಅಮಲು 30 ನಿಮಿಷದಿಂದ 2 ಗಂಟೆಯೊಳಗೆ ಶುರುವಾಗಿ, 2ರಿಂದ 4 ಗಂಟೆ ಹೊತ್ತಿಗೆ ತುದಿ ಮುಟ್ಟಿ, 6–8 ಗಂಟೆ, ಕೆಲವರಿಗೆ 12 ಗಂಟೆವರೆಗೂ ಎಳೆಯುತ್ತದೆ.

ಬಹುತೇಕರು ಎಡವುವುದು ಇಲ್ಲೇ. ಒಂದು ತುಂಡು ತಿಂದು ಮುಕ್ಕಾಲು ಗಂಟೆ ಕಾದರೂ ಏನೂ ಆಗುವುದಿಲ್ಲ. "ಮಾಲು ಸಪ್ಪೆ" ಎಂದು ಇನ್ನೊಂದು ತುಂಡು ಬಾಯಿಗೆ ಹೋಗುತ್ತದೆ. ಮೊದಲನೆಯದು ಏರುತ್ತಿರುವಾಗಲೇ ಎರಡನೆಯದೂ ಸೇರಿಕೊಂಡು, ಎದೆ ಡವಡವ, ಗಾಬರಿ, ವಾಂತಿ, ಸಮಯದ ಅಂದಾಜೇ ತಪ್ಪುವುದು. ಹೊಟ್ಟೆ ತುಂಬಿದ್ದರೆ ಏರಿಕೆ ಇನ್ನೂ ತಡ. ಜೊತೆಗೆ ಜಿಡ್ಡಿನ ಊಟವಾಗಿದ್ದರೆ ಹೀರಿಕೆ ಹೆಚ್ಚು, ಅಂದರೆ ತಡವಾಗಿ ಬಂದರೂ ಜೋರಾಗಿ ಬರುತ್ತದೆ. ಕನಿಷ್ಠ 2 ಗಂಟೆ ಕಾಯಿರಿ ಎನ್ನುತ್ತಾರೆ. ಆ ದಿನಕ್ಕೆ ಎರಡನೆಯದೇ ಬೇಡ ಎನ್ನುವವನು ನಾನು.

ಇನ್ನು ಬಗೆಗಳು. ಚಾಕೊಲೇಟ್, ಗಮ್ಮಿ, ಕ್ಯಾಪ್ಸೂಲ್ ನಡುವೆ ಅಂಥ ವ್ಯತ್ಯಾಸವಿಲ್ಲ. ಗಮ್ಮಿಯನ್ನು ಎಷ್ಟು ಹೊತ್ತು ಚಪ್ಪರಿಸಿದರೂ ಬಹುಪಾಲು ಹೊಟ್ಟೆಗೇ ಹೋಗುತ್ತದೆ. ನಾಲಿಗೆಯಡಿ ಒಂದೆರಡು ನಿಮಿಷ ಇಟ್ಟುಕೊಳ್ಳುವ ಟಿಂಕ್ಚರ್ (ಗಾಂಜಾ ಸಾರದ ಹನಿಗಳು) 15–45 ನಿಮಿಷದಲ್ಲಿ ಗೊತ್ತಾಗಬಹುದು, ಆದರೆ ನುಂಗಿದ ಪಾಲು ಗಂಟೆಯ ಮೇಲೆ ಎರಡನೇ ಅಲೆಯಾಗಿ ಬರುತ್ತದೆ. ನ್ಯಾನೊ-ಎಮಲ್ಷನ್ ಪಾನೀಯಗಳು (ಗಾಂಜಾ ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆಸಿದವು) ಬೇಗ ಏರಿ ಸಾಮಾನ್ಯವಾಗಿ ಬೇಗ ಇಳಿಯುತ್ತವೆ. ಬರೀ ಎಣ್ಣೆ ಕಲಸಿದ ಪಾನೀಯದಲ್ಲಿ ಎಣ್ಣೆ ಮೇಲೆ ತೇಲುವುದರಿಂದ ಯಾವ ಗುಟುಕಿನಲ್ಲಿ ಎಷ್ಟಿದೆ ಎಂಬ ಭರವಸೆಯಿಲ್ಲ.

ನಾನು ಬೇಡವೇ ಬೇಡ ಎನ್ನುವುದು ಮನೆಯಲ್ಲಿ ಮಾಡಿದ ಬ್ರೌನಿ. ಶೇ. 15 ಟಿಎಚ್‌ಸಿ ಇರುವ 1 ಗ್ರಾಂ ಗಾಂಜಾ ಹೂವಿನಲ್ಲಿ ಹೆಚ್ಚೆಂದರೆ 150 ಮಿ.ಗ್ರಾಂ. ಹತ್ತು ತುಂಡು ಮಾಡಿದರೆ ತಲಾ 15 ಅನ್ನುವುದು ಕಾಗದದ ಲೆಕ್ಕ. ಗಾಂಜಾ ಬೆರೆಸಿದ ಬೆಣ್ಣೆ ಸಮನಾಗಿ ಸೇರದಿದ್ದರೆ ಒಂದರಲ್ಲಿ 5, ಪಕ್ಕದ್ದರಲ್ಲಿ 30. ಅಮೆರಿಕದ ಮಾದಕವಸ್ತು ಸಂಶೋಧನಾ ಸಂಸ್ಥೆ ನೈಡಾ 2021ರಲ್ಲಿ ಸಂಶೋಧನೆಗೆ ಗೊತ್ತುಮಾಡಿದ ಪ್ರಮಾಣಿತ ಅಳತೆಯೇ 5 ಮಿ.ಗ್ರಾಂ. ಹೊಸಬರಿಗೆ ಅದರರ್ಧ, 2.5, ಸಾಕು. ಅಂಗಡಿಯ ಲೇಬಲನ್ನೂ ವೇದವಾಕ್ಯವೆಂದು ನಂಬಬೇಡಿ: 2015ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಪರೀಕ್ಷಿಸಿದ 75 ಉತ್ಪನ್ನಗಳ ಪೈಕಿ ಲೇಬಲ್ ಸರಿಯಿದ್ದದ್ದು ಶೇ. 17ರಲ್ಲಿ ಮಾತ್ರ. ಪೊಟ್ಟಣದ ಮೇಲಿನ ಇಂಡಿಕಾ, ಸಟೈವಾ ಎಂಬ ಗಾಂಜಾ ತಳಿಗಳ ಹೆಸರಂತೂ ತಿನಿಸಿನ ಮಟ್ಟಿಗೆ ಬರೀ ಮಾರಾಟದ ಮಾತು.

ಮದ್ಯದ ಜೊತೆ ಬೇಡ. ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಹೃದ್ರೋಗಿಗಳು, ಗರ್ಭಿಣಿಯರು, ಮನೆತನದಲ್ಲಿ ಸ್ಕಿಜೋಫ್ರೇನಿಯಾ (ತೀವ್ರ ಮಾನಸಿಕ ಕಾಯಿಲೆ) ಇರುವವರು ಇದರ ಗೊಡವೆಗೆ ಹೋಗಬಾರದು. ಆ ದಿನ ಗಾಡಿ ಓಡಿಸುವ ಮಾತೇ ಇಲ್ಲ.

ಹೆಚ್ಚಾದರೆ ಇಳಿಸುವ ಮದ್ದು ಮನೆಯಲ್ಲಿಲ್ಲ. ಜೊತೆಗೊಬ್ಬರನ್ನು ಇಟ್ಟುಕೊಂಡು, ಒಂದು ಪಕ್ಕಕ್ಕೆ ಮಲಗಿ ಕಾಯಬೇಕು, ಅಷ್ಟೆ. ಎದೆನೋವು, ಎಚ್ಚರ ತಪ್ಪುವುದು, ನಿಲ್ಲದ ವಾಂತಿ ಕಂಡರೆ ಆಸ್ಪತ್ರೆಗೆ. ಮಗುವೇನಾದರೂ ಮಿಠಾಯಿ ಅಂದುಕೊಂಡು ತಿಂದಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ, ಪೊಟ್ಟಣದ ಸಮೇತ ಕೂಡಲೇ ಕರೆದೊಯ್ಯಿರಿ.